ರೋಪನ್ನ ಬೆರಳಲ್ಲಿ ನೋಡೋದು ಹೇಗೆ: ಬಂಡೆ ಹತ್ತೋರಿಗೂ ಗುಹೆ ಇಳಿಯೋರಿಗೂ

ರಾಮನಗರದಿಂದ ಭಾನುವಾರ ರಾತ್ರಿ ವಾಪಸ್ ಬಂದು, ಸ್ನಾನ ಊಟ ಎಲ್ಲ ಮುಗಿಸಿ, ಕಣ್ಣು ಎಳೀತಾ ಇದ್ರೂ ಹಾಲ್‌ನಲ್ಲಿ ಚಾಪೆ ಹಾಸ್ಕೊಂಡು ರೋಪ್ ಬ್ಯಾಗ್ ಬಿಚ್ಚಿದೆ. 60 ಮೀಟರ್ ಡೈನಾಮಿಕ್ ರೋಪ್, ತಗೊಂಡು ಎರಡು ವರ್ಷ ಆಗಿತ್ತು ಅಷ್ಟೇ, ನೋಡೋಕೆ ಚೆನ್ನಾಗೇ ಇತ್ತು, ಅಲ್ಲಲ್ಲಿ ಸ್ವಲ್ಪ ಜುಂಜು ಎದ್ದಿತ್ತು ಬಿಟ್ರೆ ಏನೂ ಇಲ್ಲ. ಒಂದು ತುದಿಯಿಂದ ಕೈಯಲ್ಲಿ ಜಾರಿಸ್ತಾ ಹೋದೆ, ಸುಮಾರು 8 ಮೀಟರ್ ಹತ್ರ ಹೆಬ್ಬೆರಳಿಗೆ ಏನೋ ಮೆತ್ತಗೆ ಸಿಕ್ತು. ಬೆಂದ ನುಗ್ಗೇಕಾಯಿ ಹಿಚುಕಿದ ಹಾಗೆ, ಹೊರಗಡೆ ಸಿಪ್ಪೆ ಸರಿಯಾಗೇ ಇದೆ, ಒಳಗೆ ತಿರುಳು ಜಾರಿಹೋಗಿದೆ. ಆ ಜಾಗನ ಎರಡು ಕೈಯಲ್ಲಿ ಹಿಡಿದು ಬಗ್ಗಿಸಿದ್ರೆ ರೋಪ್ ದುಂಡಗೆ ತಿರುಗಲಿಲ್ಲ, ಕಾಗದ ಮಡಚಿದ ಹಾಗೆ ಚಪ್ಪಟೆಯಾಗಿ ಮಡಚ್ಕೊಂಡ್ತು.

ಕೂತು ಯೋಚನೆ ಮಾಡಿದ್ರೆ ಲೆಕ್ಕ ಸಿಕ್ತು. ಆವತ್ತು ಟಾಪ್ ರೋಪ್ ಹಾಕಿದ್ವಿ, ಅಂದ್ರೆ ಬಂಡೆ ಮೇಲೆ ಕಟ್ಟಿದ ಆ್ಯಂಕರ್ ಮೂಲಕ ರೋಪ್ ಹಾದು ಕೆಳಗೆ ಬರೋ ಹಾಗೆ. ಮೇಲಿನ ಆ್ಯಂಕರ್ ಸ್ಲಿಂಗ್ (ಕಟ್ಟೋ ಪಟ್ಟಿ) ಒಂದು ಅರ್ಧ ಮೀಟರ್ ಚಿಕ್ಕದಾಗಿತ್ತು, ಹಾಗಾಗಿ ಕ್ಯಾರಬಿನರ್ (ರೋಪ್ ಹಾಯೋ ಲೋಹದ ಕೊಂಡಿ) ಬಂಡೆ ಅಂಚಿನ ಮೇಲೇ ಕೂತಿತ್ತು, ರೋಪ್ ಅಂಚಿಗೆ ಒರಗಿಕೊಂಡು ಕೆಳಗೆ ಇಳೀತಾ ಇತ್ತು. "ಇರ್ಲಿ ಬಿಡಿ, ಒಂದ್ ಗಂಟೆ ತಾನೇ" ಅಂದವನು ನಾನೇ. ಹೊಸಬ ಹುಡುಗ ಒಬ್ಬ ಕಷ್ಟದ ಜಾಗದಲ್ಲಿ ಕೈ ಬಿಟ್ಟು ಬಿಟ್ಟು ನೇತಾಡ್ತಾ, ಎಡಕ್ಕೆ ಬಲಕ್ಕೆ ತೂಗ್ತಾ ಇಪ್ಪತ್ತು ನಿಮಿಷ ಪ್ರಯತ್ನ ಪಟ್ಟ. ಅವನು ತೂಗಾಡ್ತಿದ್ದ ಜಾಗದಿಂದ ಅಂಚಿಗೆ ಎಷ್ಟು ದೂರ? ಸುಮಾರು 8 ಮೀಟರ್. ಅಷ್ಟೇ ಕಥೆ. ಅವತ್ತು ಯಾರಿಗೂ ಏನೂ ಆಗ್ಲಿಲ್ಲ, ಆದ್ರೆ ಮುಂದಿನ ವಾರ ಅದೇ ರೋಪಲ್ಲಿ ಲೀಡ್ ಹೋಗೋ, ಅಂದ್ರೆ ಮೇಲಿಂದ ರೋಪ್ ಇಲ್ಲದೆ ಕೆಳಗಿಂದ ಎಳ್ಕೊಂಡು ಮೊದಲು ಹತ್ತೋ ಪ್ಲಾನ್ ಇತ್ತು.

ಇದನ್ನ ಬರೀತಾ ಇರೋದು ಅದಕ್ಕೇ. ನಮ್ಮ ಹುಡುಗರು ರೋಪ್ ವಿಷಯದಲ್ಲಿ ಕೇಳೋ ಪ್ರಶ್ನೆ ಒಂದೇ, "ಎಷ್ಟು ಕೆಜಿ ತಡ್ಕೊಳ್ಳುತ್ತೆ ಅಣ್ಣಾ?" ಕೆಜಿ ಲೆಕ್ಕದಲ್ಲಿ ಇವತ್ತಿನ ಸರ್ಟಿಫೈಡ್ ರೋಪ್ ನಿಮ್ಮನ್ನ ಕೈಬಿಡೋದು ಅಪರೂಪ. ಪರ್ವತಾರೋಹಣದ ಅಂತರರಾಷ್ಟ್ರೀಯ ಒಕ್ಕೂಟ ಯುಐಎಎಯ ಸೇಫ್ಟಿ ಕಮಿಷನ್‌ನಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿದ ಜರ್ಮನಿಯ ಪಿಟ್ ಶೂಬರ್ಟ್ ಅವರು ರೋಪ್ ಹರಿದ ಅಪಘಾತಗಳನ್ನ ಕಲೆಹಾಕಿ ನೋಡಿ ಹೇಳಿದ್ದೂ ಇದನ್ನೇ, ಗಂಟಿನ ಹತ್ರಾನೋ ಕ್ಯಾರಬಿನರ್ ಹತ್ರಾನೋ ಸುಮ್‌ಸುಮ್ನೆ ರೋಪ್ ಹರಿಯಲ್ಲ, ಚೂಪು ಅಂಚು ಸಿಗಬೇಕು, ಇಲ್ಲಾ ಆ್ಯಸಿಡ್ ಥರದ್ದು ತಾಗಿರಬೇಕು. ಅಂದ್ರೆ ಕೇಳಬೇಕಾದ ಪ್ರಶ್ನೆ "ಎಲ್ಲಿ ಉಜ್ಜುತ್ತಾ ಇದೆ" ಅನ್ನೋದು.

ಮೊದ್ಲು ಒಳಗೆ ಏನಿದೆ ಅಂತ ತಿಳ್ಕೊಳ್ಳಿ

ಈಗಿನ ರೋಪ್‌ಗಳನ್ನ ಕರ್ನ್‌ಮ್ಯಾಂಟಲ್ ಅಂತಾರೆ, ಜರ್ಮನ್ ಪದ, ತಿರುಳು ಮತ್ತು ಹೊದಿಕೆ ಅಂತ ಅರ್ಥ. 1953ರಲ್ಲಿ ಜರ್ಮನಿಯ ಎಡೆಲ್‌ರಿಡ್ ಕಂಪನಿ ಇದನ್ನ ತಂತು, ಅದಕ್ಕೆ ಮುಂಚೆ ನಮ್ಮ ಬಾವಿ ಹಗ್ಗದ ಥರಾನೇ ಮೂರು ಎಳೆ ಹೊಸೆದಿರೋ ಹಗ್ಗ. ಒಳಗಿನ ಕೋರ್ ಅಂದ್ರೆ ಉದ್ದುದ್ದ ಹೋಗೋ ಬಿಳೀ ನೈಲಾನ್ ಎಳೆಗಳು, ಭಾರದ ಹೆಚ್ಚು ಪಾಲು ಹೊರೋದು ಅದು. ಮೇಲಿನ ಹೆಣೆದ ಬಣ್ಣದ ಹೊದಿಕೆನೇ ಶೀತ್ (ನೆಗಡಿ ಅಲ್ಲ, ನಮ್ಮಲ್ಲಿ ಪ್ರತಿ ಹೊಸ ಬ್ಯಾಚಲ್ಲೂ ಒಬ್ಬ ಈ ಜೋಕ್ ಮಾಡೇ ಮಾಡ್ತಾನೆ). ಶೀತ್ ಕೆಲಸ ಕೋರ್‌ನ ಕಾಯೋದು, ಜೊತೆಗೆ ಬಿಲೇ ಡಿವೈಸಿಗೆ (ಹತ್ತೋರು ಬಿದ್ರೆ ರೋಪ್ ತಡೆಯೋ ಸಾಧನ), ಜುಮಾರ್‌ಗೆ (ರೋಪ್ ಕಚ್ಚಿ ಹಿಡಿದು ಮೇಲೆ ಹತ್ತೋಕೆ ಬಳಸೋ ಹಿಡಿ), ಕೈಗೆ ಹಿಡಿತ ಕೊಡೋದು. ಇದರಿಂದ ಒಂದು ಅನುಕೂಲ, ಒಂದು ತೊಂದರೆ. ಅನುಕೂಲ ಏನಂದ್ರೆ ಶೀತ್ ಮೇಲೆ ಗಾಯ ಕಂಡ್ರೂ ಕೋರ್ ಇನ್ನೂ ಗಟ್ಟಿ ಇರಬಹುದು. ತೊಂದರೆ ಅದರ ಉಲ್ಟಾ, ನನ್ನ ರೋಪ್ ಥರ, ಶೀತ್ ಚೆನ್ನಾಗಿ ಕಾಣ್ತಾ ಇರುತ್ತೆ, ಒಳಗೆ ಎಳೆ ಮುರಿದಿರುತ್ತೆ, ಕಣ್ಣಿಗೆ ಗೊತ್ತೇ ಆಗಲ್ಲ.

ಹತ್ತೋಕೆ ಡೈನಾಮಿಕ್, ಗುಹೆಗೆ ಸ್ಟಾಟಿಕ್. ಡೈನಾಮಿಕ್ ರೋಪ್ ಯುರೋಪಿನ ಇಎನ್ 892 ಸ್ಟ್ಯಾಂಡರ್ಡ್ ಪ್ರಕಾರ ಸಿಂಗಲ್ ರೋಪ್ (ಒಂದನ್ನೇ ಬಳಸೋದು) ಆದ್ರೆ 80 ಕೆಜಿ ತೂಕನ ಬೀಳಿಸೋ ಪರೀಕ್ಷೇಲಿ ಕನಿಷ್ಠ 5 ಫಾಲ್ ತಡೀಬೇಕು, ಮೊದಲ ಫಾಲ್‌ನ ಹೊಡೆತ 12 ಕಿಲೋನ್ಯೂಟನ್ ಮೀರಬಾರದು, ಅದಕ್ಕೇ ಅದು ರಬ್ಬರ್ ಥರ ಹಿಗ್ಗುತ್ತೆ. ಸ್ಟಾಟಿಕ್‌ಗೆ ಇಎನ್ 1891. ಇದರಲ್ಲಿ ಎ ಟೈಪ್ ಆದ್ರೆ ಕನಿಷ್ಠ 22 ಕಿಲೋನ್ಯೂಟನ್ ಭಾರ ತಡೀಬೇಕು, ಬಿ ಟೈಪ್ ಆದ್ರೆ 18. 22 ಅಂದ್ರೆ ಹತ್ತಿರ ಹತ್ತಿರ 2200 ಕೆಜಿ, ಎರಡು ಸಣ್ಣ ಕಾರು ನೇತುಹಾಕಬಹುದು. ಆದ್ರೆ ಹಿಗ್ಗೋದು ಬರೀ 3–4 ಪರ್ಸೆಂಟ್, 5 ದಾಟೋ ಹಾಗಿಲ್ಲ. ಸ್ಟಾಟಿಕ್ ಮೇಲೆ ಲೀಡ್ ಹೋಗ್ಬೇಡಿ ಅನ್ನೋದು ಇದಕ್ಕೇ, ರೋಪ್ ಉಳಿಯುತ್ತೆ, ನಿಮ್ಮ ಸೊಂಟ ಉಳಿಯಲ್ಲ.

ತಗೊಳ್ಳೋವಾಗ ಒಂದು ವಿಷಯ ಯಾರೂ ನೋಡಲ್ಲ, ಅದು ಶೀತ್ ಪರ್ಸೆಂಟೇಜ್. ರೋಪ್ ಜೊತೆ ಬರೋ ಕಾಗದದಲ್ಲಿ ಒಟ್ಟು ತೂಕದಲ್ಲಿ ಶೀತ್ ಎಷ್ಟು ಪಾಲು ಅಂತ ಬರೆದಿರುತ್ತೆ. ಎರಡು ರೋಪ್ ಒಂದೇ ದಪ್ಪ ಇದ್ರೂ 35 ಪರ್ಸೆಂಟ್ ಶೀತ್ ಇರೋದಕ್ಕಿಂತ 42 ಇರೋದು ನಮ್ಮ ಒರಟು ಗ್ರಾನೈಟ್ ಮೇಲೆ ಹೆಚ್ಚು ದಿನ ಬಾಳುತ್ತೆ. ರಾಮನಗರ, ಸಾವನದುರ್ಗ, ತುರಹಳ್ಳಿ ಕಡೆ ವಾರಾವಾರ ಹೋಗೋರು 9 ಮಿ.ಮೀ. ಫ್ಯಾನ್ಸಿ ರೋಪ್ ತಗೊಂಡು ಆರು ತಿಂಗಳಲ್ಲಿ ಜುಂಜು ಮಾಡ್ಕೊಂಡು ಅಳೋದಕ್ಕಿಂತ 9.8 ಇಲ್ಲಾ 10 ಮಿ.ಮೀ. ತಗೊಳ್ಳಿ. ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಹಾರ್ಡ್‌ವೇರ್ ಅಂಗಡಿ ನೈಲಾನ್ ಹಗ್ಗದ ಬಗ್ಗೆ ನಾನು ಬರೆಯೋದೂ ಇಲ್ಲ.

ಅಂಚು: ಎಲ್ಲಕ್ಕಿಂತ ದೊಡ್ಡ ಶತ್ರು

ಒಂದು ಪ್ರಯೋಗ ಮಾಡಿ ನೋಡಿ, ಹಳೇ ರೋಪಿನ ಒಂದು ತುಂಡನ್ನ ಸಡಿಲವಾಗಿ ಹಿಡಿದು ಚಾಕುವಲ್ಲಿ ಕುಯ್ಯಿರಿ, ಬೆವರು ಬರುತ್ತೆ. ಅದೇ ತುಂಡನ್ನ ಮರಕ್ಕೆ ಕಟ್ಟಿ ಒಬ್ಬರು ಜೋತುಬಿದ್ದು ಬಿಗಿ ಮಾಡಿ (ನೆಲಕ್ಕೆ ಹತ್ತಿರ, ಬೀಳೋಕೆ ರೆಡಿಯಾಗಿ), ಆಗ ಚಾಕು ತಾಗಿಸಿದ್ರೆ ಬಾಳೆದಿಂಡು ಕಡಿದ ಹಾಗೆ ಹೋಗುತ್ತೆ. ಬಿಗಿಯಾದ ರೋಪಲ್ಲಿ ಪ್ರತಿ ಎಳೆನೂ ಆಗಲೇ ಎಳೆದು ನಿಂತಿರುತ್ತೆ, ಅಂಚು ತಾಗಿದ್ದೇ ನೆಪ. ಇನ್ನು ಅದರ ಜೊತೆ ಅಡ್ಡಡ್ಡ ಓಡಾಟ ಸೇರಿದ್ರೆ ಗರಗಸ. ಹಾಗಾಗಿ ನೇರ ಬೀಳೋದಕ್ಕಿಂತ ತೂಗುಯ್ಯಾಲೆ ಥರ ಪಕ್ಕಕ್ಕೆ ತೂಗಿ ಬೀಳೋದು ರೋಪಿಗೆ ಕೆಟ್ಟದ್ದು, ಲೀಡರ್ ರೂಟಿನಿಂದ ಅಡ್ಡ ಹೋಗಿರೋವಾಗ ಮಧ್ಯ ಚೂಪು ಕಲ್ಲಿನ ಮೂಲೆ ಇದ್ರೆ ಅಲ್ಲಿ ಒಂದು ಉದ್ದ ಸ್ಲಿಂಗ್ ಹಾಕಿ ರೋಪನ್ನ ಮೂಲೆಯಿಂದ ಆಚೆ ತನ್ನಿ.

ಟಾಪ್ ರೋಪ್ ಹಾಕೋವಾಗ ನಿಯಮ ಸಿಂಪಲ್. ಆ್ಯಂಕರ್ ಸ್ಲಿಂಗ್ ಎಷ್ಟು ಉದ್ದ ಇರಬೇಕು ಅಂದ್ರೆ ಕ್ಯಾರಬಿನರ್ ಬಂಡೆ ಅಂಚು ದಾಟಿ ಕೆಳಗೆ ಗಾಳೀಲಿ ನೇತಾಡಬೇಕು. ಅಂಚಿನ ಮೇಲೆ ಉಜ್ಜೋದು ಅಲುಗಾಡದ ಸ್ಲಿಂಗ್ ಆಗಿರಬೇಕು, ಓಡಾಡೋ ರೋಪ್ ಆಗಬಾರದು, ಆ ಸ್ಲಿಂಗ್‌ನ ಕೂಡ ಡಬಲ್ ಹಾಕಿ, ಕೆಳಗೆ ಮಡಚಿದ ಗೋಣಿಚೀಲ ಕೊಡಿ. ಗೋಣಿಚೀಲ ಅಂದ್ರೆ ನಗ್ತಾರೆ, ವೆಲ್‌ಕ್ರೋ ಇರೋ ರೋಪ್ ಪ್ರೊಟೆಕ್ಟರ್ ಸಿಗುತ್ತಲ್ಲ ಅಂತಾರೆ, ಇದ್ರೆ ಹಾಕಿ, ಹಳೇ ಫೈರ್ ಹೋಸ್ ಉದ್ದುದ್ದ ಸೀಳಿ ಹಾಕಿದ್ರೂ ಚೆನ್ನಾಗಿ ಕೆಲಸ ಮಾಡುತ್ತೆ. ಯಾವುದೇ ಹಾಕಿದ್ರೂ ದಾರ ಕಟ್ಟಿ ಆ್ಯಂಕರ್‌ಗೆ ಬಿಗೀರಿ, ಇಲ್ಲಾಂದ್ರೆ ಎರಡನೇ ಕ್ಲೈಂಬರ್ ಹೊತ್ತಿಗೆ ಅದು ಜಾರಿ ಕೆಳಗೆ ಬಿಲೇಯರ್ (ರೋಪ್ ಹಿಡಿದು ಕಾಯೋರು) ತಲೆ ಮೇಲೆ ಬಿದ್ದಿರುತ್ತೆ. ಹಾಕಿದ ಮೇಲೆ ಒಬ್ಬರು ರೋಪ್ ಮೇಲೆ ಭಾರ ಬಿಟ್ಟು ಎಡ ಬಲ ಸ್ವಲ್ಪ ಓಡಾಡಲಿ, ಇನ್ನೊಬ್ಬರು ಅಂಚಿನ ಹತ್ರ (ತಾವೂ ಕಟ್ಕೊಂಡು) ನಿಂತು ರೋಪ್ ಎಲ್ಲೆಲ್ಲಿ ತಾಗುತ್ತೆ ನೋಡ್ಲಿ. ಸುಮ್ನೆ ನೇತಾಡೋ ಖಾಲಿ ರೋಪ್ ನೋಡಿ ಸರಿ ಇದೆ ಅಂದ್ಕೋಬೇಡಿ, ಭಾರ ಬಿದ್ದಾಗ ಅದರ ದಾರಿನೇ ಬೇರೆ.

ಗುಹೆಲಿ ಲೆಕ್ಕ ಬೇರೆ

ಕರ್ನಾಟಕದಲ್ಲಿ ರೋಪ್ ಹಾಕಿ ಇಳಿಯೋ ಥರದ ಕೇವಿಂಗ್ ನಡೆಯೋದು ಕಮ್ಮಿ, ಇಲ್ಲಿಂದ ಆಸಕ್ತಿ ಇರೋರು ಹೋಗೋದು ಮೇಘಾಲಯಕ್ಕೆ. ಅಲ್ಲಿ ಕ್ರೆಮ್ ಅಂದ್ರೆ ಗುಹೆ, ಜೈಂತಿಯಾ ಬೆಟ್ಟಗಳಲ್ಲಿರೋ ಕ್ರೆಮ್ ಲಿಯಾಟ್ ಪ್ರಾ ಒಂದೇ 30 ಕಿಲೋಮೀಟರ್ ಮೇಲಿದೆ. ಹೆಚ್ಚಿನವು ನೀರು ಹರಿಯೋ ಅಡ್ಡ ಗುಹೆಗಳು, ಆದ್ರೆ ಕೆಲವಕ್ಕೆ ಒಳಗೆ ಹೋಗೋ ದಾರಿನೇ ಬಾವಿ ಥರ ನೇರ ಕೆಳಗೆ. ಸುಣ್ಣದಕಲ್ಲು ಅಂದ್ರೆ ನಯ ಅಂದ್ಕೋಬೇಡಿ, ನೀರು ಕೊರೆದು ಕೊರೆದು ಕೆಲವು ಕಡೆ ಕತ್ತಿ ಅಲಗಿನ ಥರ ಅಂಚು ಬಿಟ್ಟಿರುತ್ತೆ, ಜೊತೆಗೆ ಕೆಸರು.

ಬಂಡೆ ಹತ್ತೋವಾಗ ರೋಪ್ ಮೇಲೆ ಭಾರ ಬೀಳೋದು ಬಿದ್ದಾಗ, ಇಲ್ಲಾ ಕೆಳಗೆ ಇಳಿಸೋವಾಗ. ಗುಹೆಲಿ ಹಾಗಲ್ಲ, ಇಡೀ ಹೊತ್ತು ನೀವು ಒಂದೇ ರೋಪಲ್ಲಿ ಜೋತುಬಿದ್ದಿರ್ತೀರ. ವಾಪಸ್ ಹತ್ತೋವಾಗ ಕ್ರೋಲ್ (ಎದೆ ಹತ್ರ ಕಟ್ಟೋ, ಜುಮಾರ್ ಥರದ್ದೇ ಸಾಧನ) ಮತ್ತು ಕೈ ಜುಮಾರ್ ಹಾಕಿ ಕಪ್ಪೆ ಥರ ಕಾಲು ಮಡಚಿ ಎದ್ದು, ಮಡಚಿ ಎದ್ದು ಹೋಗ್ಬೇಕು, ಪ್ರತಿ ಸಲ ಎದ್ದಾಗಲೂ ರೋಪ್ ಸ್ವಲ್ಪ ಹಿಗ್ಗಿ ಕುಗ್ಗುತ್ತೆ. ಮೇಲೆ ಎಲ್ಲೋ ಒಂದು ಕಲ್ಲಿಗೆ ಅದು ತಾಗ್ತಾ ಇದ್ರೆ ಪ್ರತಿ ಜಗ್ಗಿಗೂ ಒಂದು ಉಜ್ಜು. ಇಲ್ಲಿ ಗಮನಿಸಬೇಕಾದ್ದು, ಉಜ್ಜೋ ಜಾಗ ಆ್ಯಂಕರ್‌ನಿಂದ ಎಷ್ಟು ಕೆಳಗಿದೆ ಅನ್ನೋದು. ಅರ್ಧ ಮೀಟರ್ ಕೆಳಗಿದ್ರೆ ರೋಪ್ ಅಲುಗಾಡೋದು ಕೂದಲೆಳೆಯಷ್ಟು, 20 ಮೀಟರ್ ಕೆಳಗಿದ್ರೆ ಮೇಲಿನ ಇಪ್ಪತ್ತೂ ಮೀಟರ್ ಹಿಗ್ಗೋದ್ರಿಂದ ಒಂದೊಂದು ಜಗ್ಗಿಗೂ ಗೇಣುದ್ದ ಹಿಂದೆ ಮುಂದೆ ಹೋಗಬಹುದು. ಕತ್ತಲಲ್ಲಿ, ನಿಮಗೆ ಕಾಣದ ಜಾಗದಲ್ಲಿ. ಐದು ಜನರ ಟೀಮ್ ಹತ್ತಿ ಮುಗಿಸೋ ಹೊತ್ತಿಗೆ ಆ ಒಂದೇ ಜಾಗ ನೂರಾರು ಸಲ ಗರಗಸ ಎಳೆಸ್ಕೊಂಡಿರುತ್ತೆ, ಕೊನೇಲಿ ಬರೋನಿಗೆ ಉಳಿಯೋದು ಅದೇ ಸವೆದ ರೋಪ್.

ಇದಕ್ಕೆ ಕೇವರ್‌ಗಳ ಉತ್ತರ ರಿಬಿಲೇ. ರೋಪ್ ಕಲ್ಲಿಗೆ ತಾಗೋ ಜಾಗದಲ್ಲೇ ಇನ್ನೊಂದು ಬೋಲ್ಟ್ ಹಾಕಿ, ಅಲ್ಲಿ ಗಂಟು ಹಾಕಿ ರೋಪನ್ನ ಮತ್ತೆ ಕಟ್ಟೋದು, ಅಲ್ಲಿಂದ ಕೆಳಗೆ ಅದು ಗಾಳೀಲಿ ಫ್ರೀಯಾಗಿ ಇಳೀಬೇಕು. ಮೇಲಿನ ಭಾಗಕ್ಕೂ ಈ ಗಂಟಿಗೂ ಮಧ್ಯ ಇಳಿಯೋರು ಡಿಸೆಂಡರ್ (ರೋಪ್ ಮೇಲೆ ಇಳಿಯೋ ಸಾಧನ) ಬಿಚ್ಚಿ ಕೆಳಗಿನ ರೋಪಿಗೆ ಹಾಕ್ಕೊಳ್ಳೋಷ್ಟು ಸಡಿಲ ಲೂಪ್ ಬಿಡಿ, ಜಾಸ್ತಿ ಬಿಟ್ರೆ ಆ ಬೋಲ್ಟ್ ಕಿತ್ತಾಗ ಅಷ್ಟುದ್ದ ಬೀಳ್ತೀರ, ಕಮ್ಮಿ ಬಿಟ್ರೆ ಅಲ್ಲೇ ಸಿಕ್ಕಾಕ್ಕೊಂಡು ಬೈಕೋತೀರ. ಇದರ ಇನ್ನೊಂದು ಲಾಭ, ಒಂದೊಂದು ತುಂಡಲ್ಲಿ ಒಬ್ಬೊಬ್ಬರು ಒಟ್ಟಿಗೇ ಹತ್ತಬಹುದು. ಬೋಲ್ಟ್ ಹಾಕೋಕೆ ಜಾಗ ಇಲ್ಲ, ರೋಪ್ ಸ್ವಲ್ಪ ಪಕ್ಕಕ್ಕೆ ಸರಿದ್ರೆ ಸಾಕು ಅನ್ನೋ ಕಡೆ ಡಿವಿಯೇಶನ್: ಎದುರು ಗೋಡೆಗೆ ಒಂದು ಸ್ಲಿಂಗ್ ಕಟ್ಟಿ ಅದರ ಕ್ಯಾರಬಿನರ್ ಒಳಗೆ ರೋಪ್ ಹಾಯಿಸಿ ಅಂಚಿನಿಂದ ಆಚೆ ಎಳೆಯೋದು. ಎರಡೂ ಆಗಲ್ಲ ಅಂದಾಗ ಮಾತ್ರ ಪ್ರೊಟೆಕ್ಟರ್, ಅದನ್ನ ರೋಪಿಗೇ ಪ್ರೂಸಿಕ್ ದಾರದಲ್ಲಿ (ರೋಪ್ ಸುತ್ತ ಸುತ್ತಿ ಬಿಗಿಯೋ ತೆಳು ದಾರ) ಕಟ್ಟಿ, ಪ್ರತಿಯೊಬ್ಬರೂ ದಾಟೋವಾಗ ತೆಗೆದು ಮತ್ತೆ ಅದೇ ಜಾಗಕ್ಕೆ ಸುತ್ತಬೇಕು, ಯಾರೋ ಒಬ್ಬ ಮರೀತಾನೆ ಅನ್ನೋದು ಗ್ಯಾರಂಟಿ.

ತೆಳು ರೋಪಾ ದಪ್ಪ ರೋಪಾ ಅನ್ನೋ ಜಗಳ ಇಲ್ಲಿಂದಾನೇ ಹುಟ್ಟಿದ್ದು. ತೆಳುವಾದ 8–9 ಮಿ.ಮೀ. ಸ್ಟಾಟಿಕ್ ಹೊತ್ಕೊಂಡು ಹೋಗಿ ಎಲ್ಲೂ ತಾಗದ ಹಾಗೆ ರಿಬಿಲೇ ಮೇಲೆ ರಿಬಿಲೇ ಹಾಕೋರು ಒಂದು ಕಡೆ, ದಪ್ಪ ರೋಪ್ ಇದೆಯಲ್ಲ ಉಜ್ಜಿದ್ರೆ ಉಜ್ಲಿ ಅನ್ನೋರು ಇನ್ನೊಂದು ಕಡೆ. ನನ್ನ ಮಟ್ಟಿಗೆ ಮೊದಲ್ನೇಯವರು ಸರಿ, ಆದ್ರೆ ರಿಗ್ಗಿಂಗ್, ಅಂದ್ರೆ ರೋಪ್ ಕಟ್ಟೋ ಕೆಲಸ, ಪಕ್ಕಾ ಬರದೇ ಇರೋರು ತೆಳು ರೋಪ್ ತಗೊಂಡು ಹೋಗೋದು ಹುಚ್ಚು ಧೈರ್ಯ. ಕಲಿಯೋವರೆಗೂ 10 ಮಿ.ಮೀ. ಇರಲಿ, ಬೆನ್ನು ನೋವಾದ್ರೆ ಆಗಲಿ.

ಹಲ್ಲು, ಬಿಸಿ, ಮರಳು

ಜುಮಾರ್ ಒಳಗೆ ಸಣ್ಣ ಸಣ್ಣ ಮುಳ್ಳು ಹಲ್ಲುಗಳಿರುತ್ತವೆ, ಅವು ಶೀತ್ ಒಳಗೆ ಕಚ್ಚಿ ನಿಲ್ಲುತ್ತವೆ. ಮೆಲ್ಲಗೆ ಭಾರ ಬಿಟ್ರೆ ತೊಂದರೆ ಇಲ್ಲ. ಆದ್ರೆ ಜುಮಾರ್ ಮೇಲೆ ಬಿದ್ರೆ, ಅಂದ್ರೆ ಸಡಿಲ ಬಿಟ್ಕೊಂಡು ಜುಮಾರ್‌ಗಿಂತ ಮೇಲೆ ಹೋಗಿ ಜಾರಿದ್ರೆ, 4ರಿಂದ 6 ಕಿಲೋನ್ಯೂಟನ್ ಆಸುಪಾಸಲ್ಲೇ ಶೀತ್ ಹರಿದು ಕಾಲುಚೀಲ ಕಳಚಿದ ಹಾಗೆ ಕೆಳಗೆ ಜಾರುತ್ತೆ. 22 ತಡೆಯೋ ರೋಪ್ ಇಲ್ಲಿ 5ಕ್ಕೇ ಬತ್ತಲೆ. ಹಾಗಾಗಿ ಜುಮಾರ್ ಯಾವತ್ತೂ ನಿಮಗಿಂತ ಮೇಲಿರಲಿ, ಮಧ್ಯದ ದಾರ ಬಿಗಿ ಇರಲಿ.

ಫಿಕ್ಸೆಡ್ ರೋಪ್ (ಮತ್ತೆ ಮತ್ತೆ ಹತ್ತೋಕೆ ಅಂತ ಕಟ್ಟಿ ಬಿಟ್ಟಿರೋ ರೋಪ್) ಬಗ್ಗೆ ಒಂದು ಹಳೇ ಘಟನೆ. 1966ರ ಮಾರ್ಚ್ 22, ಸ್ವಿಟ್ಜರ್ಲೆಂಡಿನ ಐಗರ್ ಪರ್ವತದ ಉತ್ತರ ಗೋಡೆ. ಅಮೆರಿಕದ ಜಾನ್ ಹಾರ್ಲಿನ್ ಜುಮಾರ್ ಹಾಕಿ 7 ಮಿ.ಮೀ. ಫಿಕ್ಸೆಡ್ ರೋಪ್ ಮೇಲೆ ಹತ್ತುತ್ತಾ ಇದ್ದಾಗ ಅದು ಹರಿದು ಬಿದ್ದು ತೀರ್ಕೊಂಡ್ರು. ಅವರಿಗೆ ಸ್ವಲ್ಪ ಮುಂಚೆ ಅದೇ ರೋಪಲ್ಲಿ ಸ್ಕಾಟ್ಲೆಂಡಿನ ಡೂಗಲ್ ಹೇಸ್ಟನ್ ಆರಾಮಾಗಿ ಮೇಲೆ ಹೋಗಿದ್ರು. ದಿನಗಟ್ಟಲೆ ಅಲ್ಲೇ ನೇತಾಡ್ತಾ, ಗಾಳಿಗೆ ಆಡ್ತಾ, ಹತ್ತೋರ ಭಾರಕ್ಕೆ ಉಜ್ಜಿಸ್ಕೊಳ್ತಾ ಇರೋ ರೋಪ್ ಅದು. "ಈಗ ತಾನೇ ಒಬ್ಬ ಹೋದ್ನಲ್ಲ" ಅನ್ನೋ ಮಾತನ್ನ ನಾನು ಸಾಕ್ಷಿಯಾಗಿ ತಗೊಳ್ಳೋದು ಬಿಟ್ಟಿದ್ದು ಇದನ್ನ ಓದಿದ ಮೇಲೆ.

ಬಿಸಿ ವಿಷಯ ಬೇಗ ಹೇಳ್ತೀನಿ. ನೈಲಾನ್ 6 ಕರಗೋದು ಸುಮಾರು 220 ಡಿಗ್ರಿಗೆ, ಡೈನೀಮಾ (ಇನ್ನೊಂದು ಬಗೆಯ ಗಟ್ಟಿ ನೂಲು) ಸ್ಲಿಂಗ್ ಅದಕ್ಕಿಂತ ಎಷ್ಟೋ ಮುಂಚೆ, 145–150ರ ಹತ್ರಾನೇ. ಸಿನಿಮಾ ಕಮಾಂಡೋ ಥರ ಜೊಯ್ಯಂತ ರ‍್ಯಾಪೆಲ್ ಮಾಡಿ (ರೋಪ್ ಮೇಲೆ ಜಾರಿ) ಕೆಳಗೆ ಬಂದು ಬಿಸಿ ಡಿವೈಸ್‌ನ ರೋಪ್ ಮೇಲೇ ಬಿಟ್ಟು ಫೋಟೋ ತೆಗೆಸ್ಕೊಂಡ್ರೆ ಶೀತ್ ಮೇಲೆ ಹೊಳೆಯೋ ಗಟ್ಟಿ ಪಟ್ಟೆ ಬೀಳುತ್ತೆ. ಅದು ಕರಗಿ ಮತ್ತೆ ಗಟ್ಟಿಯಾಗಿರೋ ನೈಲಾನ್, ಮುಟ್ಟಿದ್ರೆ ಗರಗರ ಅನ್ನುತ್ತೆ. ಇನ್ನು ಸ್ಲಿಂಗ್ ಒಳಗೆ ನೇರ ರೋಪ್ ಹಾಕಿ ಯಾರನ್ನಾದ್ರೂ ಇಳಿಸೋದು, ಇದನ್ನ ಯಾವತ್ತೂ ಮಾಡ್ಬೇಡಿ. ಓಡೋ ರೋಪಿನ ಬಿಸಿ ಉದ್ದಕ್ಕೂ ಹಂಚಿಹೋಗುತ್ತೆ, ನಿಂತಿರೋ ಸ್ಲಿಂಗ್‌ಗೆ ಒಂದೇ ಬಿಂದುವಲ್ಲಿ ಬೀಳುತ್ತೆ, ಕ್ಷಣದಲ್ಲಿ ಕರಗಿ ಕಡಿಯುತ್ತೆ. ಮಧ್ಯ ಲೋಹ ಇರಲೇಬೇಕು.

ಮರಳು ಅಂದ್ರೆ ಬಾದಾಮಿ. ಕೆಂಪು ಮರಳುಗಲ್ಲು, ಬೋಲ್ಟ್ ಹಾಕಿರೋ ಒಳ್ಳೊಳ್ಳೆ ರೂಟ್‌ಗಳು, ಆದ್ರೆ ಕೆಳಗೆಲ್ಲ ಸಣ್ಣ ಮರಳು. ರೋಪನ್ನ ನೆಲದ ಮೇಲೆ ಸುರಿದ್ರೆ ಕಣ ಶೀತ್ ಹೆಣಿಗೆ ಒಳಗೆ ಹೋಗಿ ಕೂತು, ಪ್ರತಿ ಸಲ ರೋಪ್ ಬಗ್ಗಿದಾಗಲೂ ಒಳಗಿಂದ ಉಪ್ಪಿನ ಕಾಗದ ಉಜ್ಜಿದ ಕೆಲಸ ಮಾಡುತ್ತೆ. ಅದೇ ಮರಳು ಹತ್ತಿದ ರೋಪ್ ಆ್ಯಂಕರ್ ರಿಂಗ್ ಮೇಲೆ ಓಡಿ ಓಡಿ ಲೋಹನೂ ಸವೆಸುತ್ತೆ, ಬಾವಿಕಟ್ಟೆ ಕಲ್ಲಲ್ಲಿ ಹಗ್ಗದ ಗುರುತು ಬೀಳೋದು ನೋಡಿದೀರಲ್ಲ ಹಾಗೆ. ಯಾವಾಗ್ಲೂ ನೇತುಬಿಟ್ಟಿರೋ ಅಲ್ಯೂಮಿನಿಯಂ ಕ್ಯಾರಬಿನರ್‌ಗಳಲ್ಲಿ ಹೀಗೆ ಬಿದ್ದ ತೋಡಿನ ಪಕ್ಕದ ಅಂಚು ಬ್ಲೇಡ್ ಆಗಿರುತ್ತೆ, ಕ್ಲಿಪ್ ಮಾಡೋ ಮುಂಚೆ ಬೆರಳಲ್ಲಿ ಸವರಿ ನೋಡಿ, ಉಗುರು ಸಿಕ್ಕಾಕ್ಕೊಂಡ್ರೆ ನಿಮ್ಮದೇ ಕ್ವಿಕ್‌ಡ್ರಾ (ಚಿಕ್ಕ ಪಟ್ಟಿಯ ಎರಡೂ ತುದೀಲಿ ಕ್ಯಾರಬಿನರ್ ಇರೋದು) ಹಾಕಿ. ರೋಪ್ ಕೆಳಗೆ ಟಾರ್ಪಲ್ ಹಾಸಿ, ತುಳೀಬೇಡಿ. ನಮ್ಮ ಗುಂಪಲ್ಲಿ ಯಾರಾದ್ರೂ ಅಪ್ಪಿತಪ್ಪಿ ರೋಪ್ ತುಳಿದ್ರೆ ಪುಸ್ತಕ ತುಳಿದ ಥರ ಮುಟ್ಟಿ ಕಣ್ಣಿಗೆ ಒತ್ಕೋತಾರೆ, ತಮಾಷೆಗೆ ಶುರುವಾಗಿದ್ದು, ಈಗ ಹೊಸಬರೂ ಗಂಭೀರವಾಗಿ ಮಾಡ್ತಾರೆ, ನಾನೂ ಬೇಡ ಅನ್ನಲ್ಲ.

ಮನೇಲಿ ಮಾಡೋ ಪರೀಕ್ಷೆ, ಹಂತ ಹಂತವಾಗಿ

ಹಗಲು ಬೆಳಕಲ್ಲಿ ಕೂತ್ಕೊಳ್ಳಿ, ನನ್ನ ಥರ ರಾತ್ರಿ ಅಲ್ಲ. ಫೋನ್ ದೂರ ಇಡಿ, 60 ಮೀಟರ್‌ಗೆ ಇಪ್ಪತ್ತು ನಿಮಿಷ ಬೇಕು. ಕೈ ತೊಳ್ಕೊಳ್ಳಿ, ಗ್ಲೌಸ್ ಬೇಡ.

ಒಂದು ತುದಿಯಿಂದ ಶುರು ಮಾಡಿ. ಮೊದ್ಲು ತುದೀನೇ ನೋಡಿ, ಶೀತ್ ಕೋರ್‌ಗಿಂತ ಮುಂದೆ ಜಾರಿ ಖಾಲಿ ಬಾಲ ಬಂದಿದ್ಯಾ, ಬಂದಿದ್ರೆ ಒಳಗೆ ಇನ್ನೆಲ್ಲೋ ಸುಕ್ಕು ಕಟ್ಟಿರುತ್ತೆ. ಆಮೇಲೆ ಎಡಗೈ ಹೆಬ್ಬೆರಳು ತೋರುಬೆರಳ ಮಧ್ಯ ರೋಪ್ ಹಿಡಿದು, ಬಲಗೈಯಲ್ಲಿ ಗೇಣು ಗೇಣಾಗಿ ಎಳೀತಾ ಹೋಗಿ, ಎಳೆಯೋವಾಗ ಬೆರಳಲ್ಲೇ ಸ್ವಲ್ಪ ಉರುಳಿಸಿ, ಒಂದೇ ಪಕ್ಕ ಮುಟ್ಟಿದ್ರೆ ಇನ್ನೊಂದು ಪಕ್ಕ ತಪ್ಪಿಹೋಗುತ್ತೆ. ಬೆರಳು ಹುಡುಕಬೇಕಾದ್ದು ಬದಲಾವಣೆ: ಇದ್ದಕ್ಕಿದ್ದಂತೆ ತೆಳು, ಇದ್ದಕ್ಕಿದ್ದಂತೆ ದಪ್ಪ, ಮೆತ್ತಗೆ, ಗಟ್ಟಿ ಕಡ್ಡಿ ಥರ, ಚಪ್ಪಟೆ, ಇಲ್ಲಾ ಒಳಗೆ ಗಂಟು ಇದ್ದ ಹಾಗೆ. ಅನುಮಾನ ಬಂದ ಜಾಗದಲ್ಲಿ ಎರಡು ಕೈಯಲ್ಲೂ ಹಿಡಿದು ಯು ಆಕಾರಕ್ಕೆ ಬಗ್ಗಿಸಿ. ಒಳ್ಳೇ ರೋಪ್ ದುಂಡಗೆ ತಿರುಗಿ ಮಧ್ಯ ಒಂದು ಕಿಂಡಿ ಬಿಡುತ್ತೆ. ಕೋರ್ ಸತ್ತಿರೋ ಜಾಗ ಮೂಲೆ ಥರ ಮುರಿದು ಎರಡು ಕಾಲೂ ಅಂಟ್ಕೊಳ್ಳುತ್ತೆ. ಎರಡೂ ತುದಿಯಿಂದ ಮೊದಲ 5 ಮೀಟರ್ ನಿಧಾನವಾಗಿ ನೋಡಿ, ಗಂಟು ಹಾಕೋದೂ ಫಾಲ್ ಬೀಳೋದೂ ಅಲ್ಲೇ ಜಾಸ್ತಿ.

ಕಣ್ಣಿಗೆ ಕಾಣೋದರಲ್ಲಿ, ಜುಂಜು ಎದ್ದಿದ್ರೆ ಹೆದರಬೇಡಿ, ಅದು ವಯಸ್ಸು. ಒಂದೇ ಜಾಗದಲ್ಲಿ ಸುತ್ತಲೂ ಬೋಳಾಗಿ ಹೆಣಿಗೆಯ ಎಳೆಗಳು ಕಡಿದಿದ್ರೆ ಗುರುತು ಹಾಕಿ. ಬಿಳೀ ಕೋರ್ ಇಣುಕಿದ್ರೆ ಮಾತೇ ಇಲ್ಲ, ಕತ್ತರಿ. ಗುರುತು ಹಾಕೋಕೆ ಅಂಗಡಿ ಪರ್ಮನೆಂಟ್ ಮಾರ್ಕರ್ ಬೇಡ, ಅದರ ಶಾಯಿ ನೈಲಾನ್‌ನ ದುರ್ಬಲ ಮಾಡಬಹುದು, ರೋಪಿಗೇ ಅಂತ ಬರೋ ಪೆನ್ ಬಳಸಿ, ಪರೀಕ್ಷೆ ಹೊತ್ತಿಗೆ ಮಾತ್ರ ಆದ್ರೆ ಒಂದು ದಾರ ಕಟ್ಟಿದ್ರೂ ಆಯ್ತು.

ನೋಡಿದ್ದನ್ನ ಒಂದು ನೋಟ್‌ಬುಕ್ಕಲ್ಲಿ ಬರೀರಿ: ತಗೊಂಡ ತಿಂಗಳು, ಎಲ್ಲಿ ಹೋದ್ವಿ, ದೊಡ್ಡ ಫಾಲ್ ಬಿತ್ತಾ, ಎಷ್ಟನೇ ಮೀಟರಲ್ಲಿ ಏನು ಸಿಕ್ತು. ಸ್ಟಾಟಿಕ್ ರೋಪ್ ಆದ್ರೆ ಒಳಗೇ ಒಂದು ತೆಳು ಪಟ್ಟಿ ಇರುತ್ತೆ, ತುದಿ ಬಿಚ್ಚಿ ನೋಡಿದ್ರೆ ತಯಾರಾದ ವರ್ಷ, ಟೈಪ್ ಎಲ್ಲ ಅದರಲ್ಲೇ ಸಿಗುತ್ತೆ.

ತೊಳೆಯೋದು, ಇಡೋದು

ಹೊಸ ಸ್ಟಾಟಿಕ್ ರೋಪನ್ನ ನೇರ ಗುಹೆಗೆ ತಗೊಂಡು ಹೋಗ್ಬೇಡಿ. ಒಂದು ರಾತ್ರಿ ತಣ್ಣೀರಲ್ಲಿ ನೆನೆಹಾಕಿ ನೆರಳಲ್ಲಿ ಒಣಗಿಸಿ, ರೋಪ್ ಕುಗ್ಗುತ್ತೆ, ಶೀತ್ ಕೋರ್ ಮೇಲೆ ಬಿಗಿಯಾಗಿ ಕೂರುತ್ತೆ, ಡಿಸೆಂಡರ್ ಹಾಕಿದಾಗ ಜಾರೋದು ಕಮ್ಮಿಯಾಗುತ್ತೆ. ಉದ್ದ ಅಳೆಯೋದು, ಕತ್ತರಿಸೋದು, ತುದೀಲಿ ಬರೆಯೋದು ಎಲ್ಲ ಇದಾದ ಮೇಲೆ. 50 ಅಂತ ತಂದಿದ್ದು 47 ಆಗಿರಬಹುದು, 50 ಮೀಟರ್ ಬಾವೀಲಿ ನೇತಾಡ್ತಾ ಗೊತ್ತಾಗೋದು ಬೇಡ. ಹೇಗಿದ್ರೂ ಕೆಳ ತುದೀಲಿ ಗಂಟು ಹಾಕಿಯೇ ಇಳಿಸಿ.

ಕೊಳೆಯಾದ ರೋಪಿಗೆ ಉಗುರುಬೆಚ್ಚಗಿನ ನೀರು, 30 ಡಿಗ್ರಿ ಒಳಗೆ, ಮೆದು ಸೋಪು. ಬ್ಲೀಚ್ ಬೇಡ, ಬಟ್ಟೆ ಕಲ್ಲಿಗೆ ಹೊಡೆಯೋದು ಬೇಡ (ನಗ್ಬೇಡಿ, ಒಬ್ಬ ಗೆಳೆಯನ ಮನೇಲಿ ಕೆಲಸದ ಅಕ್ಕ ಪ್ರೀತಿಯಿಂದ ಮಾಡಿಕೊಟ್ಟಿದ್ರು). ಬಿಸಿಲಿಗೆ ಟೆರೇಸ್ ಮೇಲೆ ಹರಡಬೇಡಿ, ಫ್ಯಾನ್ ಕೆಳಗೆ ಎರಡು ದಿನ ಬಿಡಿ. ಒದ್ದೆ ನೈಲಾನ್ ಒಣಗಿದ್ದಕ್ಕಿಂತ ಕಮ್ಮಿ ಫಾಲ್ ತಡೆಯುತ್ತೆ, ಹಾಗಾಗಿ ಶನಿವಾರ ತೊಳೆದು ಭಾನುವಾರ ಲೀಡ್ ಹೋಗೋದು ಬೇಡ.

ಈಗ ನಮ್ಮೂರ ಮನೆಗಳದ್ದೇ ಒಂದು ಅಪಾಯ. ಬಕೆಟ್. ಬಾತ್‌ರೂಮ್ ತಿಕ್ಕೋಕೆ ಆ್ಯಸಿಡ್ ಹಾಕಿದ್ದ ಅದೇ ಬಕೆಟಲ್ಲಿ ರೋಪ್ ನೆನೆಹಾಕಿದ್ರೆ ಮುಗೀತು. ಎರಡನೇದು ಇನ್ವರ್ಟರ್ ಬ್ಯಾಟರಿ. ಬೆಂಗಳೂರಲ್ಲಿ ಬಾಡಿಗೆ ಮನೆಗಳಲ್ಲಿ ಖಾಲಿ ಜಾಗ ಅಂದ್ರೆ ಮೆಟ್ಟಿಲ ಕೆಳಗೆ, ಅಲ್ಲೇ ಇನ್ವರ್ಟರ್, ಅದರ ಮೇಲೇ ರೋಪ್ ಬ್ಯಾಗ್. ಬ್ಯಾಟರಿಯ ಸಲ್ಫ್ಯೂರಿಕ್ ಆ್ಯಸಿಡ್ ನೈಲಾನ್‌ಗೆ ವಿಷ, ಒಂದು ಹನಿ ಬಿದ್ದ ಜಾಗ ಬಣ್ಣ ಕೂಡ ಬದಲಾಗದೇ ಟೊಳ್ಳಾಗಿರಬಹುದು, ಇದನ್ನ ನಿಮ್ಮ ಬೆರಳೂ ಹಿಡಿಯದೇ ಹೋಗಬಹುದು. ಕಾರಿನ ಡಿಕ್ಕಿಲೂ ಅದೇ ಎಚ್ಚರ. ಇಲಿ ಇರೋ ಮನೆಯಾದ್ರೆ ಬ್ಯಾಗ್‌ನ ಗೋಡೆ ಮೊಳೆಗೆ ತೂಗುಹಾಕಿ.

ಅರ್ಧ ದಾರೀಲಿ ಗಾಯ ಸಿಕ್ರೆ

ಗುಹೆ ಒಳಗೆ, ಇಲ್ಲಾ ಸಾವನದುರ್ಗದ ಥರ ಉದ್ದ ಬಂಡೆ ಮಧ್ಯ ರೋಪಿಗೆ ಏಟು ಬಿದ್ದಿದ್ದು ಗೊತ್ತಾದ್ರೆ ಅಲ್ಲೇ ಎಸೆದು ಬರೋಕಾಗಲ್ಲ. ಆಗ ಆಲ್ಪೈನ್ ಬಟರ್‌ಫ್ಲೈ ಗಂಟು ಹಾಕಿ, ಗಾಯದ ಜಾಗ ಗಂಟಿನ ಕಿವಿಯಲ್ಲಿ, ಅಂದ್ರೆ ಆ ಲೂಪಿನ ಮಧ್ಯ ಬರಬೇಕು. ಭಾರ ಗಂಟಿನ ಎರಡು ಕಾಲುಗಳ ಮೇಲೆ ಹೋಗುತ್ತೆ, ಲೂಪ್ ಸುಮ್ನೆ ನೇತಾಡುತ್ತೆ. ಆ ಲೂಪಿಗೆ ಯಾರೂ ಕ್ಲಿಪ್ ಮಾಡ್ಬಾರದು, ಜೋರಾಗಿ ಕೂಗಿ ಎಲ್ಲರಿಗೂ ಹೇಳಿ. ಇಳಿಯೋವಾಗ ಈ ಗಂಟು ದಾಟೋದನ್ನ ಮನೆ ಹತ್ರ ಮರದ ಮೇಲೆ ಹತ್ತು ಸಲ ಅಭ್ಯಾಸ ಮಾಡಿರಬೇಕು, ಮೊದಲ ಸಲ ಕತ್ತಲಲ್ಲಿ ಜಲಪಾತದ ಪಕ್ಕ ಕಲಿಯೋ ವಿಷಯ ಅಲ್ಲ.

ನೀವು ಜುಮಾರ್ ಮೇಲಿದ್ದೀರ, ಗಾಯ ನಿಮಗಿಂತ ಮೇಲೆ ಕಾಣ್ತು ಅಂದ್ರೆ, ನಿಮ್ಮ ಭಾರ ಆಗಲೇ ಅದರ ಮೇಲಿದೆ. ಜಗ್ಗಬೇಡಿ. ಮೇಲಿರೋರಿಗೆ ಕೂಗಿ ಇನ್ನೊಂದು ರೋಪ್ ಬಿಡೋಕೆ ಹೇಳಿ, ಬಂದ್ರೆ ಅದಕ್ಕೆ ಬದಲಾಗಿ. ಬೇರೆ ರೋಪ್ ಇಲ್ಲಾಂದ್ರೆ ಹತ್ತಿರದ ಕಡೆಗೆ, ಮೇಲೋ ಕೆಳಗೋ, ಕುಲುಕದೆ ನಯವಾಗಿ ಹೋಗಿ. ಗಾಯ ದಾಟಿ ಮೇಲೆ ಹೋದ್ರೆ ಮುಂದಿನವರು ಹತ್ತೋ ಮುಂಚೆ ಅದನ್ನ ಗಂಟಿನ ಒಳಗೆ ಹಾಕಿಸಿ.

ಯಾವಾಗ ರಿಟೈರ್ ಮಾಡೋದು

ಕಂಪನಿಗಳು ಕೊಡೋ ಅಂದಾಜು ಹೀಗಿದೆ: ಒಮ್ಮೆಯೂ ಬಳಸದೇ ಸರಿಯಾಗಿ ಇಟ್ಟಿದ್ರೂ 10 ವರ್ಷ, ವರ್ಷಕ್ಕೆ ಒಂದೆರಡು ಸಲ ಬಳಸಿದ್ರೆ 7, ತಿಂಗಳಿಗೊಂದು ಸಲ ಆದ್ರೆ 5, ತಿಂಗಳಲ್ಲಿ ಹಲವು ಸಲ ಆದ್ರೆ 3, ವಾರಾವಾರ ಆದ್ರೆ ಒಂದು ವರ್ಷ. ಇದು ಏನೂ ಆಗದೇ ಇದ್ರೆ. ಒಂದು ಕೆಟ್ಟ ಅಂಚು ಸಿಕ್ರೆ ಮೊದಲ ದಿನವೇ ಕೊನೇ ದಿನ. ಗಾಯ ತುದಿ ಹತ್ರ ಇದ್ರೆ ಅಷ್ಟು ಕತ್ತರಿಸಿ ತುದಿ ಸುಟ್ಟು ಬಳಸಬಹುದು, ಆದ್ರೆ ಮಧ್ಯದ ಗುರುತು ಈಗ ಮಧ್ಯದಲ್ಲಿಲ್ಲ ಅನ್ನೋದು ನೆನಪಿರಲಿ, ಉದ್ದನ ಹೊಸದಾಗಿ ಅಳೆದು ಬ್ಯಾಗ್ ಮೇಲೆ ಬರೀರಿ, ಇಳಿಸೋವಾಗ ರೋಪ್ ಸಾಲದೆ ತುದಿ ಬಿಲೇಯರ್ ಕೈಯಿಂದ ಜಾರಿಹೋಗೋ ಅಪಘಾತಗಳು ಹೀಗೇ ಆಗೋದು.

ನನ್ನ ರೋಪನ್ನ ಏನು ಮಾಡಿದೆ ಅಂದ್ರೆ, 8 ಮೀಟರ್ ಹತ್ರ ಗಾಯ, ಅತ್ತ ಇತ್ತ ಇನ್ನೊಂದಿಷ್ಟು ಬಿಟ್ಟು 10 ಮೀಟರ್ ಕಡಿದೆ. ಉಳಿದ 50 ಈಗ ತುರಹಳ್ಳಿ ಟಾಪ್ ರೋಪಿಗೆ ಮಾತ್ರ, ಮೇಲಿನ ಸ್ಲಿಂಗ್ ಮೊದಲಿಗಿಂತ ಒಂದು ಮೀಟರ್ ಉದ್ದ. ಕಡಿದ ತುಂಡನ್ನ ಯಾರೂ ಹತ್ತೋಕೆ ಬಳಸದ ಹಾಗೆ ಎರಡೆರಡು ಮೀಟರ್ ತುಂಡು ಮಾಡ್ತಾ ಕೂತಿದ್ದೆ, ಊರಿಂದ ಬಂದಿದ್ದ ಅಮ್ಮ ಒಂದು ತುಂಡು ಎತ್ಕೊಂಡು ಎಳೆದು ನೋಡಿ, "ಇಷ್ಟು ಗಟ್ಟಿ ಹಗ್ಗನ ಯಾಕೋ ಕತ್ತರಿಸ್ತಿದೀಯ, ತಲೆ ಕೆಟ್ಟಿದ್ಯಾ" ಅಂದ್ರು. ಸತ್ತಿರೋ ಜಾಗ ಬೆರಳಿಗೆ ಕೊಟ್ಟು ಬಗ್ಗಿಸಿ ತೋರಿಸಿದೆ. ಎರಡು ಸಲ ಹಿಚುಕಿ ನೋಡಿ ಆ ತುಂಡನ್ನ ಪಕ್ಕಕ್ಕೆ ಎಸೆದು, ಚೆನ್ನಾಗಿರೋ ನಾಲ್ಕು ತುಂಡು ಆರಿಸಿ ಬ್ಯಾಗಿಗೆ ಹಾಕ್ಕೊಂಡ್ರು. ಈಗ ನಮ್ಮೂರ ಕೊಟ್ಟಿಗೇಲಿ ಹಸುಗೆ ನೀಲಿ ಕಿತ್ತಳೆ ಬಣ್ಣದ ಕಣ್ಣಿ ಇದೆ.